ಪುಸ್ತಕಸೂಚಿಯ ಪರಿಷ್ಕರಣ

ಸಾರ್ವಜನಿಕ ಗ್ರಂಥಾಲಯಗಳಲ್ಲಿ ಮರದ ಖಾನೆಗಳೊಳಗೆ ಚೀಟಿಗಳ ರೂಪದಲ್ಲಿದ್ದ ಪುಸ್ತಕಸೂಚಿಯನ್ನು ಗಣಕಯಂತ್ರಕ್ಕೆ ಏರಿಸುವ ಕಾರ್ಯವು ಕೆಲವು ದಶಕಗಳಿಂದ ನಡೆದುಬಂದಿರುವುದು. ಏರಿಸಿದುದನ್ನು ಶುದ್ಧಿಗೊಳಿಸಬೇಕಾಗುವುದು, ಶುದ್ಧಿಗೊಳಿಸಿದುದನ್ನು ಹೊಸ ತಂತ್ರಾಂಶ ಬಂದಾಗ ಮತ್ತೊಮ್ಮೆ ತಿದ್ದಬೇಕಾಗುವುದು. ಇದನ್ನು ಗುಮಾಸ್ತರ ಕೆಲಸವೆಂದೋ ಯಂತ್ರಜ್ಞರ ಕೆಲಸವೆಂದೋ ಎಣಿಸುವುದು ರೂಢಿಯಾಗಿದೆ. ಆದರೆ ಕನ್ನಡ ಪುಸ್ತಕಗಳ ಮಟ್ಟಿಗೆ ಇದು ಮುಖ್ಯವಾಗಿ ಪಂಡಿತರ ಕೆಲಸವೆಂದೂ, ಓಲೆಯ ಪ್ರತಿಗಳನ್ನು ಹೋಲಿಸಿ ಕಾವ್ಯವನ್ನು ಸಂಪಾದಿಸುವವರು ಯಾವ ಕಟ್ಟುಪಾಡುಗಳಿಗೆ ಒಳಪಟ್ಟಿರುವರೋ ಅವುಗಳಿಗೆ ಸೂಚಿಯನ್ನು ತಿದ್ದುವವರೂ ಒಳಪಡದಿದ್ದರೆ ಶುದ್ಧಿಯ ಹೆಸರಿನಲ್ಲಿ ಹಾನಿಯೇ ಆಗುವುದೆಂದೂ ತೋರಿಸುವುದು ಈ ಲೇಖನದ ಉದ್ದೇಶ.

ಒಂದು ಪುಸ್ತಕದ ವಿವರವು ಯಂತ್ರದ ತೆರೆಯ ಮೇಲೆ ಕಾಣಿಸಿಕೊಳ್ಳುವ ಮೊದಲು ಅನೇಕ ಕೈಗಳನ್ನು ದಾಟಿ ಬಂದಿರುವುದು. ಪುಸ್ತಕವು ಗ್ರಂಥಾಲಯಕ್ಕೆ ಬಂದ ದಿವಸ ಒಬ್ಬರು ಅದರ ಹೆಸರನ್ನು ರಿಜಿಸ್ಟರಿನಲ್ಲಿ ಬರೆದುಕೊಂಡರು. ಆ ರಿಜಿಸ್ಟರನ್ನು ನೋಡಿ ಮತ್ತೊಬ್ಬರು ಚೀಟಿಯನ್ನು ಬರೆದರು. ಬರೆಯುವಾಗ ಪುಸ್ತಕವನ್ನು ತೆರೆದು ನೋಡಿದರೋ ಇಲ್ಲವೋ ಹೇಳುವಂತಿಲ್ಲ. ಚೀಟಿಯು ಸವೆದಾಗ ಮೂರನೆಯವರು ಅದನ್ನು ನಕಲು ಮಾಡಿದರು. ಕಡೆಗೆ, ಕನ್ನಡ ಸಾಹಿತ್ಯದ ಪರಿಚಯವಿರಲೇಬೇಕೆಂಬ ನಿಯಮವೇನೂ ಇಲ್ಲದ ನಾಲ್ಕನೆಯವರು ಚೀಟಿಯೊಂದಕ್ಕೆ ಇಷ್ಟೆಂಬ ಗುತ್ತಿಗೆಯ ದರದಲ್ಲಿ ಅದನ್ನು ಯಂತ್ರಕ್ಕೆ ಒತ್ತಿದರು. ಓಲೆಗರಿಯಿಂದ ಓಲೆಗರಿಗೆ ಕಾವ್ಯವು ಇಳಿದುಬಂದ ಬಗೆಯೂ ಹೆಚ್ಚುಕಡಮೆ ಇದೇ. ಲಿಪಿಕಾರರಲ್ಲಿ ಕಂಡುಬರುವ ದೋಷಗಳೆಲ್ಲವೂ, ಎಂದರೆ ಕಣ್ಣು ಒಂದು ಸಾಲನ್ನು ಹಾರಿಬಿಡುವುದು, ಒಂದನ್ನೊಂದು ಹೋಲುವ ಅಕ್ಷರಗಳು ಅದಲುಬದಲಾಗುವುದು, ಆಡುವಂತೆಯೇ ಬರೆಯುವುದು, ಇಲ್ಲಿಯೂ ಉಂಟು. ಇವೆಲ್ಲಕ್ಕಿಂತ ಅಪಾಯಕರವಾದುದು ಬುದ್ಧಿವಂತನಾದ ಲಿಪಿಕಾರನ ತಿದ್ದುಪಡಿ. ‘ಛಂದೋಂಬುಧಿ’ಯು ಆ ಹೆಸರನ್ನು ಕೇಳಿರದವನ ಕೈಯಲ್ಲಿ ‘ಛಂದೋಬುದ್ಧಿ’ಯಾಗುವುದಕ್ಕೆ ಹೆಚ್ಚು ಹೊತ್ತು ಹಿಡಿಯದು, ಹಾಗೆ ಆದಮೇಲೆ ಅದು ನೋಡುವುದಕ್ಕೆ ಸರಿಯಾಗಿಯೇ ಕಾಣುವುದರಿಂದ ಯಾರೂ ಸಂದೇಹಪಡುವುದಿಲ್ಲ.

ಕಾವ್ಯಸಂಪಾದಕನು ಇಂತಹ ಸ್ಥಳದಲ್ಲಿ ಏನು ಮಾಡುವನು? ತಾನು ಒಪ್ಪಿದ ಪಾಠವನ್ನು ಮೇಲೆ ಮುದ್ರಿಸಿ, ಪ್ರತಿಗಳಲ್ಲಿ ಕಂಡುದನ್ನು ಅಡಿಯಲ್ಲಿ ಕೊಡುವನು. ಯಾವುದು ಪ್ರತಿಯದು, ಯಾವುದು ತನ್ನದು ಎಂಬುದು ಓದುವವನಿಗೆ ಯಾವಾಗಲೂ ತಿಳಿದಿರಬೇಕು. ಪುಸ್ತಕಸೂಚಿಯಲ್ಲಿಯೂ ಈ ಎರಡು ನೆಲೆಗಳನ್ನು ಬೇರೆಬೇರೆಯಾಗಿ ಇಡತಕ್ಕುದು. ಪುಸ್ತಕದ ಶೀರ್ಷಿಕೆಪುಟದಲ್ಲಿ ಅಚ್ಚಾಗಿರುವುದು ಒಂದು. ಸೂಚಿಕಾರನು ವಿಚಾರಮಾಡಿ ನಿರ್ಣಯಿಸಿದುದು ಮತ್ತೊಂದು. ಯಂತ್ರದ ಸೂಚಿಗೆ ಇದು ಅಸಾಧ್ಯವೇನಲ್ಲ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿ ೧೯೬೦ರ ದಶಕದಲ್ಲಿ ಹುಟ್ಟಿ, ಇಂದು ಕೋಹಾ ಮೊದಲಾದ ಗ್ರಂಥಾಲಯ ತಂತ್ರಾಂಶಗಳಿಗೆ ಆಧಾರವಾಗಿರುವ ‘ಮಾರ್ಕ್’ ಎಂಬ ಸೂಚೀಕ್ರಮದಲ್ಲಿ ಪುಸ್ತಕದ ಮೇಲಿರುವ ಹೆಸರಿಗೆ ೨೪೫ ಎಂಬ ಅಂಕಣವೂ, ಅದೇ ಪುಸ್ತಕಕ್ಕಿರುವ ಇತರ ಹೆಸರುಗಳಿಗೆ ೨೪೬ ಎಂಬ ಅಂಕಣವೂ, ಹಲವು ಹೆಸರುಗಳುಳ್ಳ ಕೃತಿಯನ್ನು ಒಂದೇ ಹೆಸರಿನ ಕೆಳಗೆ ಕೂಡಿಸುವುದಕ್ಕೆ ೨೪೦ ಎಂಬ ಅಂಕಣವೂ, ಟಿಪ್ಪಣಿಗಳಿಗೆ ೫೦೦ ಎಂಬ ಅಂಕಣವೂ ಏರ್ಪಟ್ಟಿವೆ. ಅಂಕಣಗಳಿದ್ದೂ ಎಲ್ಲವನ್ನೂ ಒಂದರಲ್ಲಿಯೇ ತುರುಕಿ, ಉಳಿದುವನ್ನು ಬರಿದಾಗಿ ಬಿಡುವುದು ಯಂತ್ರದ ತಪ್ಪಲ್ಲ.

ಕನ್ನಡ ಪುಸ್ತಕಗಳ ಪಟ್ಟಿಯನ್ನು ಮಾಡುವ ಪ್ರಯತ್ನವು ಹಳೆಯದೇ. ೧೮೬೭ರ ಮುದ್ರಣ ಮತ್ತು ಪುಸ್ತಕ ನೋಂದಣಿಯ ಕಾನೂನಿನ ಪ್ರಕಾರ ಆಯಾ ಪ್ರಾಂತಗಳಲ್ಲಿ ಅಚ್ಚಾದ ಪುಸ್ತಕಗಳ ತ್ರೈಮಾಸಿಕ ಪಟ್ಟಿಗಳು ಹೊರಡುತ್ತಿದ್ದುವು. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದ್ದ ಕನ್ನಡ, ಬಡಗ, ಕೊಡಗು ಭಾಷೆಗಳ ಪುಸ್ತಕಗಳಿಗೆ ಎಲ್. ಡಿ. ಬಾರ್ನೆಟ್ ರಚಿಸಿದ ಸೂಚಿಯು ೧೯೧೦ರಲ್ಲಿ ಪ್ರಕಟವಾಯಿತು. ಅದಕ್ಕೆ ಮೂರು ವರ್ಷ ಮೊದಲು, ೧೯೦೭ರಲ್ಲಿ, ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯ ಮೊದಲನೆಯ ಸಂಪುಟವು ಹೊರಬಿದ್ದಿತ್ತು. ಕವಿಚರಿತೆಯು ಸೂಚಿಯಲ್ಲದಿದ್ದರೂ, ಯಾವ ಕೃತಿಯು ಯಾರದೆಂದು ನಿರ್ಣಯಿಸುವುದರಲ್ಲಿ ಸೂಚಿಕಾರನಿಗೆ ಇಂದಿಗೂ ಅದನ್ನು ಬಿಟ್ಟು ಗತಿಯಿಲ್ಲ. ಇನ್ನು ಭಾರತೀಯರ ಹೆಸರುಗಳಿಗೂ ಪುಸ್ತಕಗಳಿಗೂ ಹೊಂದುವಂತೆ ಸೂಚೀಕರಣದ ಸೂತ್ರಗಳನ್ನು ಕಟ್ಟಿದವರು ಶಿಯಾಳಿ ರಾಮಾಮೃತ ರಂಗನಾಥನ್. ಅವರ ‘ವರ್ಗೀಕೃತ ಸೂಚೀಸಂಹಿತೆ’ಯು ೧೯೩೪ರಲ್ಲಿ ಮದರಾಸಿನಲ್ಲಿ ಪ್ರಕಟವಾಯಿತು. ಗಣಿತದ ಅಧ್ಯಾಪಕರಾಗಿದ್ದು ಗ್ರಂಥಪಾಲರಾದ ಅವರು ಸೂತ್ರ, ವ್ಯಾಖ್ಯಾನ, ಉದಾಹರಣೆ ಎಂಬ ಶಾಸ್ತ್ರಕಾರರ ಕ್ರಮದಲ್ಲಿಯೇ ಬರೆದಿರುವರೆಂಬುದು ಸಂಸ್ಕೃತ ಬಲ್ಲವರಿಗೆ ಸಂತೋಷವನ್ನುಂಟುಮಾಡುವ ಸಂಗತಿ. ಅವರು ೧೯೬೨ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಪ್ರಲೇಖನ ಸಂಶೋಧನ ಮತ್ತು ಶಿಕ್ಷಣ ಕೇಂದ್ರದಿಂದಾಗಿ ಈ ಶಾಸ್ತ್ರಕ್ಕೆ ಕನ್ನಡ ನಾಡಿನಲ್ಲಿಯೇ ಒಂದು ನೆಲೆ ದೊರೆಯಿತು.

ಸೂಚಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಗೊಂದಲವಿರುವುದು ಗ್ರಂಥಕರ್ತರ ಹೆಸರುಗಳಲ್ಲಿ. ಯೂರೋಪಿನವರಿಗೆ ಕುಲನಾಮವನ್ನು ಮೊದಲಿಟ್ಟು, ಸ್ವನಾಮವನ್ನು ಆಮೇಲೆ ಬರೆದರೆ ಕೆಲಸ ಮುಗಿಯುವುದು. ಕನ್ನಡಿಗರಲ್ಲಿ ಹೆಸರಿನ ಕಟ್ಟಡವೇ ಸೀಮೆಯಿಂದ ಸೀಮೆಗೆ ಬೇರೆ. ಧಾರವಾಡದ ಕಡೆಯವರು ತಮ್ಮ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮದಲ್ಲಿ ‘ದತ್ತಾತ್ರೇಯ ರಾಮಚಂದ್ರ ಬೇಂದ್ರೆ’ ಎಂದು ಬರೆಯುವರು. ಇಲ್ಲಿ ‘ಬೇಂದ್ರೆ’ ಎಂಬುದನ್ನು ಮುಂದಕ್ಕೆ ತಂದರೆ ಯಾರಿಗೂ ತೊಡಕಿಲ್ಲ. ಮೈಸೂರು ಸೀಮೆಯವರು ಊರಿನ ಹೆಸರು, ತಂದೆಯ ಹೆಸರು, ತಮ್ಮ ಹೆಸರು ಎಂಬ ಕ್ರಮದಲ್ಲಿ ‘ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯ’ ಎಂದು ಬರೆಯುವರು. ಇಲ್ಲಿ ಕಡೆಯ ಪದವು ಸ್ವನಾಮವೇ ಆದರೂ ಅದನ್ನೇ ಮುಂದಿಡುವುದು ಯುಕ್ತ. ‘ಮಾಸ್ತಿ ವೆಂಕಟೇಶ ಅಯ್ಯಂಗಾರ್’ ಎಂಬಲ್ಲಿಯಾದರೋ ಕಡೆಯ ಪದವು ಪಂಗಡದ ಹೆಸರು. ಅದನ್ನು ಮುಂದಿಟ್ಟರೆ ನೂರಾರು ಅಯ್ಯಂಗಾರ್ಯರ ನಡುವೆ ಮಾಸ್ತಿಯವರನ್ನು ಹುಡುಕಬೇಕಾಗುವುದು. ಮೊದಲನೆಯ ಪದವು ಊರಿನ ಹೆಸರು. ಶಾಸ್ತ್ರದಂತೆ ಅದು ಹಿಂದೆ ಹೋಗತಕ್ಕುದು. ಆದರೆ ಲೋಕವೆಲ್ಲ ಅವರನ್ನು ಊರಿನ ಹೆಸರಿನಿಂದಲೇ ಬಲ್ಲುದು! ಇದಕ್ಕೆ ಇಂಗ್ಲಿಷ್ ನಿಯಮಗಳಿಂದ ಪರಿಹಾರ ದೊರೆಯಲಾರದು. ‘ವೆಂಕಟೇಶ ಅಯ್ಯಂಗಾರ್, ಮಾಸ್ತಿ’ ಎಂದು ಒಂದು ಅಧಿಕೃತ ರೂಪವನ್ನು ನಿರ್ಧರಿಸಿ, ‘ಮಾಸ್ತಿ’, ‘ಅಯ್ಯಂಗಾರ್’, ಅವರ ಕಾವ್ಯನಾಮವಾದ ‘ಶ್ರೀನಿವಾಸ’ ಈ ಎಲ್ಲ ರೂಪಗಳಿಂದಲೂ ಅಲ್ಲಿಗೆ ದಾರಿ ಮಾಡುವುದೊಂದೇ ಉಪಾಯ. ಯಾವ ರೂಪವು ಅಧಿಕೃತವಾಗಬೇಕೆಂಬುದರಲ್ಲಿ ಭಿನ್ನಾಭಿಪ್ರಾಯವಿದ್ದರೆ ಚಿಂತೆಯಿಲ್ಲ. ದಾರಿಗಳು ಮುಚ್ಚದಿದ್ದರೆ ಸಾಕು.

ಕಾವ್ಯನಾಮಗಳ ವಿಷಯವನ್ನು ವಿಸ್ತರಿಸಬೇಕಾದುದಿಲ್ಲ. ಕುವೆಂಪು, ಅಂಬಿಕಾತನಯದತ್ತ ಮುಂತಾದ ಹೆಸರುಗಳನ್ನು ತಿಳಿಯದ ಗ್ರಂಥಪಾಲನಿಲ್ಲ. ಆದರೆ ಆರ್. ವಿ. ಜಾಗೀರದಾರ, ಆದ್ಯ ರಂಗಾಚಾರ್ಯ, ಶ್ರೀರಂಗ ಎಂಬ ಮೂರು ಹೆಸರುಗಳು ಒಬ್ಬರವೇ ಎಂಬುದು ಚೀಟಿಗಳನ್ನು ನೋಡಿದ ಮಾತ್ರಕ್ಕೆ ತಿಳಿಯುವಂತಹುದಲ್ಲ. ನಾಟಕಗಳು ಒಂದು ಖಾನೆಯಲ್ಲಿಯೂ ಶಾಸ್ತ್ರಗ್ರಂಥಗಳು ಮತ್ತೊಂದರಲ್ಲಿಯೂ ಉಳಿದುಹೋಗುವುವು. ಇದಲ್ಲದೆ ಹಳೆಯ ಶೀರ್ಷಿಕೆಪುಟಗಳಲ್ಲಿ ಹೆಸರಿನ ಮುಂದೆ ನಿಲ್ಲುವ ಗೌರವವಾಚಕಗಳ ಕಾಟವೂ ಉಂಟು. ‘ಮ॥ ರಾ॥ ರಾ॥’, ‘ವೇದಮೂರ್ತಿ’, ‘ಶ್ರೀಮತ್’, ‘ಪಂಡಿತ’ ಎಂಬಿವನ್ನು ಹೆಸರಿನ ಅಂಗವೆಂದು ತಿಳಿದು ಜೋಡಿಸಿದರೆ ನಾಡಿನ ಅರ್ಧ ಜನ ಗ್ರಂಥಕರ್ತರು ಶಕಾರದಲ್ಲಿಯೇ ನೆಲಸುವರು. ಹಾಗೆಂದು ಎಲ್ಲ ವಿಶೇಷಣಗಳನ್ನೂ ಕಿತ್ತುಹಾಕುವ ಹಾಗೂ ಇಲ್ಲ. ‘ಅಭಿನವ ಪಂಪ’ನೆಂಬುದು ನಾಗಚಂದ್ರನ ಬಿರುದು, ‘ಅಭಿನವ ಕಾಳಿದಾಸ’ರೆಂಬುದು ಬಸವಪ್ಪ ಶಾಸ್ತ್ರಿಗಳ ಬಿರುದು. ‘ಅಭಿನವ’ ಎಂಬುದನ್ನು ವಿಶೇಷಣವೆಂದು ತೆಗೆದರೆ, ‘ಪಂಪರಾಮಾಯಣ’ವೆಂದು ಪ್ರಸಿದ್ಧವಾದ ನಾಗಚಂದ್ರನ ಕಾವ್ಯವು ಆದಿಪಂಪನ ‘ಪಂಪಭಾರತ’ದ ಪಕ್ಕದಲ್ಲಿ ಒಬ್ಬನೇ ಕವಿಯ ಎರಡು ಕೃತಿಗಳೆಂಬಂತೆ ಕುಳಿತುಕೊಳ್ಳುವುದು. ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಮಾಡುವ ತಪ್ಪನ್ನು ಗ್ರಂಥಾಲಯವೇ ಕಲಿಸಿಕೊಟ್ಟಂತೆ ಆಗುವುದು.

ಒಂದೇ ಹೆಸರಿನ ಇಬ್ಬರನ್ನು ಬೇರ್ಪಡಿಸುವುದು ಇದಕ್ಕಿಂತಲೂ ಕಷ್ಟ. ನಾಗವರ್ಮನ ಸಂಗತಿಯನ್ನೇ ತೆಗೆದುಕೊಳ್ಳಬಹುದು. ‘ಛಂದೋಂಬುಧಿ’, ‘ಕರ್ಣಾಟಕ ಕಾದಂಬರಿ’ಗಳ ಕರ್ತೃವು ಹತ್ತನೆಯ ಶತಮಾನದ ಕಡೆಯ ಭಾಗದವನು. ‘ಕಾವ್ಯಾವಲೋಕನ’, ‘ಕರ್ಣಾಟಕ ಭಾಷಾಭೂಷಣ’, ‘ವಸ್ತುಕೋಶ’ಗಳ ಕರ್ತೃವು ಅವನಿಗಿಂತ ಈಚಿನವನು, ಅವನು ಹನ್ನೊಂದನೆಯ ಶತಮಾನದವನೆಂದು ಕೆಲವರೂ ಹನ್ನೆರಡನೆಯದವನೆಂದು ಕೆಲವರೂ ಹೇಳುವರು. ಈ ಇಬ್ಬರೂ ಒಬ್ಬನೇ ಎಂದು ಹಿಂದಿನ ಕೆಲವು ವಿದ್ವಾಂಸರು ನಂಬಿದ್ದುದುಂಟು. ಹೀಗಿರಲಾಗಿ, ‘ಒಂದೇ ಬಗೆಯ ಹೆಸರುಗಳನ್ನು ಕೂಡಿಸು’ ಎಂಬ ಆಜ್ಞೆಯನ್ನು ಯಂತ್ರಕ್ಕೆ ಕೊಟ್ಟೊಡನೆ, ಕವಿಚರಿತೆಕಾರರು ಶ್ರಮಪಟ್ಟು ಬಿಡಿಸಿದ ಗಂಟು ಒಂದು ಕ್ಷಣದಲ್ಲಿ ಮತ್ತೆ ಬೀಳುವುದು. ಬೇರ್ಪಡಿಸುವುದಕ್ಕಾಗಿ ಹೆಸರಿನ ಮುಂದೆ ಕಾಲವನ್ನು ಸೇರಿಸುವುದು ಪಾಶ್ಚಾತ್ಯರ ಪದ್ಧತಿ. ಕಾಲವೇ ವಿವಾದಾಸ್ಪದವಾಗಿರುವ ಕವಿಗೆ ಅದು ಸಲ್ಲದು. ನಾಳೆ ಒಂದು ಶಾಸನ ದೊರೆತರೆ ಎಲ್ಲ ಉಲ್ಲೇಖಗಳನ್ನೂ ಬದಲಾಯಿಸಬೇಕಾಗುವುದು. ‘ನಾಗವರ್ಮ, ಛಂದೋಂಬುಧಿಕಾರ’, ‘ನಾಗವರ್ಮ, ಕಾವ್ಯಾವಲೋಕನಕಾರ’ ಎಂದು ಕೃತಿಯಿಂದಲೇ ಗುರುತಿಸುವುದು ನಮ್ಮ ಶಾಸ್ತ್ರಗ್ರಂಥಗಳ ಹಳೆಯ ಪರಿಪಾಟಿ. ವೃತ್ತಿಕಾರ, ವಾರ್ತಿಕಕಾರ, ಭಾಷ್ಯಕಾರ ಎಂಬ ಹೆಸರುಗಳಿಂದ ಎಷ್ಟು ಶತಮಾನಗಳ ವ್ಯವಹಾರವು ಗೊಂದಲವಿಲ್ಲದೆ ನಡೆದಿಲ್ಲ!

ಶೀರ್ಷಿಕೆಪುಟವು ಹೇಳುವುದೂ ಸತ್ಯವೂ ಬೇರೆಬೇರೆಯಾಗುವುದಕ್ಕೆ ಮುದ್ದಣನಿಗಿಂತ ಒಳ್ಳೆಯ ನಿದರ್ಶನವಿಲ್ಲ. ನಂದಳಿಕೆಯ ಲಕ್ಷ್ಮೀನಾರಣಪ್ಪನು (೧೮೭೦–೧೯೦೧) ತನ್ನ ಕಾವ್ಯಗಳನ್ನು ಪ್ರಾಚೀನ ಕೃತಿಗಳೆಂಬಂತೆ ಮೈಸೂರಿಗೆ ಕಳುಹಿಸಿ, ಅವು ಅಲ್ಲಿಂದ ಹೊರಡುತ್ತಿದ್ದ ‘ಕಾವ್ಯಮಂಜರಿ’, ‘ಕಾವ್ಯಕಲಾನಿಧಿ’ಗಳಲ್ಲಿ ಪ್ರಕಟವಾದುವು. ಆ ಮೊದಲ ಮುದ್ರಣವನ್ನು ಸೂಚಿಯಲ್ಲಿ ಹೇಗೆ ಬರೆಯಬೇಕು? ಶೀರ್ಷಿಕೆಪುಟವನ್ನು ಇದ್ದಂತೆಯೇ ಬರೆದು ಸುಮ್ಮನಾದರೆ ಓದುವವನಿಗೆ ಮೋಸ. ಅಲ್ಲಿ ಇಲ್ಲದ ಲಕ್ಷ್ಮೀನಾರಣಪ್ಪನ ಹೆಸರನ್ನು ಅಲ್ಲಿಯೇ ಇದ್ದಂತೆ ಬರೆದರೆ ಪುಸ್ತಕಕ್ಕೆ ಮೋಸ. ಕನ್ನಡ ಸಾಹಿತ್ಯಚರಿತ್ರೆಯ ಒಂದು ರಸವತ್ತಾದ ಪ್ರಸಂಗಕ್ಕೆ ಸಾಕ್ಷಿಯಾಗಿರುವ ಪುಟವು ಸೂಚಿಯಲ್ಲಿ ಅಳಿಸಿಹೋಗುವುದು. ಮೇಲೆ ಹೇಳಿದ ಎರಡು ನೆಲೆಗಳನ್ನು ಪಾಲಿಸಿದರೆ ಈ ಸಂಕಟವಿಲ್ಲ. ಪುಟದಲ್ಲಿರುವುದನ್ನು ಪುಟದಲ್ಲಿರುವಂತೆ ೨೪೫ರಲ್ಲಿಯೂ, ನಿಜವಾದ ಕರ್ತೃವಿನ ಹೆಸರನ್ನು ಕರ್ತೃವಿನ ಅಂಕಣದಲ್ಲಿಯೂ, ಹೀಗೇಕೆಂಬುದನ್ನು ಟಿಪ್ಪಣಿಯಲ್ಲಿಯೂ ಬರೆದರಾಯಿತು. ಇನ್ನೊಂದು ತೊಡಕೆಂದರೆ, ಇಂತಹ ಕಾವ್ಯಮಾಲೆಗಳು ಬಿಡಿ ಸಂಚಿಕೆಗಳಾಗಿ ಹೊರಡುತ್ತಿದ್ದುದರಿಂದ ಅವು ಪತ್ರಿಕೆಗಳೆಂದು ದಾಖಲಾಗುವ ಸಂಭವ ಉಂಟು. ಆಗ ಒಳಗಿನ ಕಾವ್ಯಗಳ ಹೆಸರು ಸೂಚಿಯಲ್ಲಿ ಎಲ್ಲಿಯೂ ಕಾಣಿಸದು. ನಾಲ್ಕೈದು ಸಣ್ಣ ಪುಸ್ತಕಗಳನ್ನು ಒಂದೇ ರಟ್ಟಿನಲ್ಲಿ ಕಟ್ಟಿಸಿದಲ್ಲಿಯೂ ಹೀಗೆಯೇ. ಮೊದಲಿನದು ಸೂಚಿಗೆ ಸೇರಿ, ಉಳಿದುವು ಕತ್ತಲೆಯಲ್ಲಿರುವುವು.

ಕೃತಿಗಳ ಹೆಸರುಗಳಲ್ಲಿಯೂ ಇದೇ ವಿವೇಕ ಬೇಕು. ‘ವಿಕ್ರಮಾರ್ಜುನವಿಜಯ’ವೂ ‘ಪಂಪಭಾರತ’ವೂ ಒಂದೇ; ‘ಕರ್ಣಾಟ ಭಾರತ ಕಥಾಮಂಜರಿ’ಯೂ ‘ಗದುಗಿನ ಭಾರತ’ವೂ ‘ಕುಮಾರವ್ಯಾಸ ಭಾರತ’ವೂ ಒಂದೇ. ಇವು ಅಧ್ಯಾಪಕರಿಗೆ ಅಂಗೈಯ ನೆಲ್ಲಿಯಾದರೂ ಯಂತ್ರಕ್ಕೆ ಐದು ಪುಸ್ತಕಗಳು. ಹಳಗನ್ನಡದ ರೂಪವನ್ನು ಅನುಸರಿಸಿ ‘ಪಂಪಭಾರತಂ’ ಎಂದು ಅಚ್ಚಾಗಿದ್ದರೆ ಆರನೆಯದು. ಇದಕ್ಕೆ ವಿರುದ್ಧವಾದ ದೋಷವೂ ಉಂಟು. ನಾಗವರ್ಮನ ‘ಕರ್ಣಾಟಕ ಕಾದಂಬರಿ’ಯು ಬಾಣನ ಗದ್ಯಕಾವ್ಯವನ್ನು ಅನುಸರಿಸಿದ ಚಂಪೂಕಾವ್ಯ, ಹೆಸರನ್ನು ಮಾತ್ರ ನೋಡಿ ವಿಷಯವನ್ನು ನಿರ್ಧರಿಸುವ ಕಡೆ ಅದು ಕಾದಂಬರಿಗಳ ಸಾಲಿನಲ್ಲಿ, ಪತ್ತೇದಾರಿ ಕಥೆಗಳ ನೆರೆಯಲ್ಲಿ, ನಿಲ್ಲುವುದೂ ಅಸಂಭವವಲ್ಲ. ವಿಷಯವಿಭಾಗದ ಮಾತು ಇಷ್ಟೇ ಸಾಕು. ಅದರಲ್ಲಿ ತಪ್ಪಾದರೆ ಪುಸ್ತಕವು ದೂರ ಹೋಗುವುದು, ಹೆಸರಿನಲ್ಲಿ ತಪ್ಪಾದರೆ ಇಲ್ಲವೇ ಆಗುವುದು.

ಕಾಲನಿರ್ದೇಶವು ಸೂಚಿಕಾರನಿಗೆ ಜ್ಯೋತಿಷದ ಸ್ವಲ್ಪ ಪರಿಚಯವನ್ನಾದರೂ ಬೇಡುವುದು. ಹಳೆಯ ಕನ್ನಡ ಪುಸ್ತಕಗಳಲ್ಲಿ ಕ್ರಿಸ್ತಶಕದ ವರ್ಷವಿಲ್ಲದೆ ಶಾಲಿವಾಹನ ಶಕವನ್ನು ಮಾತ್ರ ಕೊಟ್ಟಿರುವುದುಂಟು. ‘ಶಕ ೧೮೧೨’ ಎಂದಿರುವ ಪುಸ್ತಕವು ೧೮೯೦–೯೧ನೆಯ ಇಸವಿಯದು. ಅಂಕಿಯನ್ನು ಕಂಡೊಡನೆ ಇಸವಿಯೆಂದು ತಿಳಿದು ೧೮೧೨ ಎಂದು ಒತ್ತಿದರೆ, ಅದು ಕನ್ನಡ ಮುದ್ರಣದ ಆದಿಯೆಂದು ಸಾಮಾನ್ಯವಾಗಿ ಎಣಿಸಲ್ಪಡುವ ವಿಲಿಯಮ್ ಕೇರಿಯ ವ್ಯಾಕರಣಕ್ಕಿಂತ (ಶ್ರೀರಾಮಪುರ, ೧೮೧೭) ಐದು ವರ್ಷ ಮೊದಲಿನದಾಗುವುದು! ಇಂತಹ ತಪ್ಪು ಒಂದು ಗುಣವನ್ನು ಹೊಂದಿದೆ: ಅಸಂಭವವಾಗಿರುವುದರಿಂದ ಬೇಗ ಸಿಕ್ಕಿಬೀಳುವುದು. ಸಂಭವನೀಯವಾದ ತಪ್ಪು ಸಿಕ್ಕುವುದಿಲ್ಲ. ಉತ್ತರ ದೇಶದಲ್ಲಿಯೂ ಮುಂಬಯಿಯ ಕೆಲವು ಮುದ್ರಣಾಲಯಗಳಲ್ಲಿಯೂ ಅಚ್ಚಾದ ಸಂಸ್ಕೃತ ಪುಸ್ತಕಗಳ ಮೇಲೆ ವಿಕ್ರಮ ಸಂವತ್ಸರದ ಎಣಿಕೆಯಿರುವುದು. ‘ಸಂವತ್ ೧೯೫೭’ ಎಂದರೆ ೧೯೦೦–೦೧. ಅದನ್ನು ೧೯೫೭ನೆಯ ಇಸವಿಯೆಂದು ಬರೆದರೆ ಯಾರೂ ಹುಬ್ಬೇರಿಸರು. ಹಳೆಯ ಪುಸ್ತಕಗಳಿಗೆ ಮೊದಲು ಛಾಯಾಪ್ರತಿ ತೆಗೆಯಬೇಕೆಂದು ವರ್ಷದ ಪ್ರಕಾರ ಪಟ್ಟಿಮಾಡುವಾಗ ಮಾತ್ರ ಆ ಪುಸ್ತಕವು ಪಟ್ಟಿಯಿಂದ ಹೊರಗುಳಿದು, ಪುಡಿಯಾಗುತ್ತ ಕುಳಿತಿರುವುದು.

ಬರಿಯ ಸಂವತ್ಸರದ ಹೆಸರಿದ್ದರೆ ಕಷ್ಟವು ಇಮ್ಮಡಿಸುವುದು. ‘ವಿಕೃತಿ ಸಂವತ್ಸರ’ವೆಂಬುದು ೧೮೯೦–೯೧ರಲ್ಲಿ ಬಂದಿತ್ತು, ೧೯೫೦–೫೧ರಲ್ಲಿ ಬಂದಿತ್ತು, ೨೦೧೦–೧೧ರಲ್ಲಿಯೂ ಬಂದಿತು. ಬೆಲೆಯು ರೂಪಾಯಿ ಆಣೆಗಳಲ್ಲಿದೆಯೆಂಬುದರಿಂದ ೨೦೧೦ನ್ನು ಬಿಡಬಹುದೇ ಹೊರತು ಮೊದಲಿನ ಎರಡರಲ್ಲಿ ಒಂದನ್ನು ಆರಿಸುವ ಹಾಗಿಲ್ಲ. ದಶಮಾಂಶ ನಾಣ್ಯವು ಬಂದುದು ೧೯೫೭ರಲ್ಲಿ. ಆಗ ಅಚ್ಚುಮೊಳೆಗಳ ಆಕಾರ, ಮುದ್ರಣಾಲಯದ ಹೆಸರು, ಅರ್ಪಣೆಯ ಪದ್ಯ ಇವುಗಳ ಮೊರೆಹೋಗಬೇಕು. ಅರ್ಪಣೆಯಲ್ಲಿ ಚಾಮರಾಜೇಂದ್ರ ಒಡೆಯರನ್ನು ಆಳುತ್ತಿರುವ ಪ್ರಭುವೆಂದು ಹೊಗಳಿದ್ದರೆ ಸಂದೇಹವಿಲ್ಲ. ಆ ಮಹಾರಾಜರು ೧೮೯೪ರಲ್ಲಿ ತೀರಿಕೊಂಡರು. ಇಷ್ಟಾದ ಮೇಲೆಯೂ ಯುಗಾದಿಯು ಮಾರ್ಚಿ ಏಪ್ರಿಲುಗಳಲ್ಲಿ ಬೀಳುವುದರಿಂದ, ತಿಂಗಳು ತಿಳಿಯದಿದ್ದರೆ ಎರಡು ಇಸವಿಗಳನ್ನೂ ಬರೆಯತಕ್ಕುದು. ನರ್ಮದೆಯ ಉತ್ತರಕ್ಕೆ ಅದೇ ವರ್ಷಕ್ಕೆ ಬೇರೊಂದು ಸಂವತ್ಸರದ ಹೆಸರೆಂಬುದನ್ನು ಕಾಶಿಯ ಪುಸ್ತಕಗಳ ವಿಷಯದಲ್ಲಿ ಮರೆಯಲಾಗದು. ಹೇಗೂ ಪುಸ್ತಕದಲ್ಲಿದ್ದ ಸಂವತ್ಸರವನ್ನೂ ಶಕವನ್ನೂ ತೆಗೆದುಹಾಕಿ ಇಸವಿಯನ್ನು ಮಾತ್ರ ಉಳಿಸುವುದು ಸರಿಯಲ್ಲ. ಪರಿವರ್ತನೆಯಲ್ಲಿ ತಪ್ಪಿದ್ದರೆ ಅದನ್ನು ಕಂಡುಹಿಡಿಯುವ ಸಾಧನವೇ ಇಲ್ಲವಾಗುವುದು.

ಇನ್ನು ಅಕ್ಷರಗಳ ಮಾತು. ಹಿಂದೆ ಎಷ್ಟೋ ಸೂಚಿಗಳಲ್ಲಿ ಕನ್ನಡ ಪುಸ್ತಕಗಳನ್ನು ರೋಮನ್ ಲಿಪಿಯಲ್ಲಿ ಬರೆಯುವ ಪದ್ಧತಿ ಇತ್ತು. ಅಕ್ಷರಗಳ ಮೇಲೂ ಕೆಳಗೂ ಹಾಕುವ ಚಿಹ್ನೆಗಳಿದ್ದರೆ ಅದರಿಂದ ಕನ್ನಡವನ್ನು ಮರಳಿ ಪಡೆಯಬಹುದು. ಚಿಹ್ನೆಗಳು ಬೆರಳಚ್ಚಿನಲ್ಲಿಯೋ ಯಂತ್ರಕ್ಕೆ ಏರಿಸುವಾಗಲೋ ಬಿದ್ದುಹೋದರೆ ಬೆಲೆ, ಬೆಳೆ, ಬೇಳೆ ಮೂರೂ ಒಂದೇ ಆಗುವುವು; ಅರ್ಥಶಾಸ್ತ್ರದ ಪುಸ್ತಕವೋ, ಕೃಷಿಯದೋ, ಪಾಕಶಾಸ್ತ್ರದ್ದೋ ಎಂದು ಊಹಿಸಬೇಕಾಗುವುದು. ಆಮೇಲೆ ಕನ್ನಡದಲ್ಲಿಯೇ ಒತ್ತುವ ಕಾಲ ಬಂದಾಗ, ಆಯಾ ಅಕ್ಷರವಿನ್ಯಾಸಕ್ಕೆ ಕಟ್ಟುಬಿದ್ದ ಸಂಕೇತಗಳಲ್ಲಿ ಒತ್ತಿದುದರಿಂದ, ಆ ವಿನ್ಯಾಸವಿಲ್ಲದ ಯಂತ್ರದಲ್ಲಿ ತೆರೆದಾಗ ರೋಮನ್ ಅಕ್ಷರಗಳೂ ಚಿಹ್ನೆಗಳೂ ಬೆರೆತ ಅರ್ಥವಿಲ್ಲದ ಸಾಲುಗಳು ಕಾಣುವುವು. ಎಲ್ಲ ಲಿಪಿಗಳಿಗೂ ಸಾಮಾನ್ಯವಾದ ಯೂನಿಕೋಡ್ ಸಂಕೇತದಲ್ಲಿ ೧೯೯೧ರಿಂದಲೂ ಕನ್ನಡಕ್ಕೆ ಸ್ಥಾನವಿದೆ. ಹಳೆಯ ದತ್ತವನ್ನು ಅದಕ್ಕೆ ಪರಿವರ್ತಿಸುವುದು ಪರಿಷ್ಕರಣದ ಮೊದಲನೆಯ ಮೆಟ್ಟಿಲು. ಆದರೆ ಪರಿವರ್ತನೆಯಾದ ಮೇಲೆಯೂ ಕಣ್ಣಿಗೆ ಒಂದೇ ಆಗಿ ಯಂತ್ರಕ್ಕೆ ಬೇರೆಯಾಗಿರುವ ರೂಪಗಳು ಉಳಿಯುವುವು. ಅನುಸ್ವಾರದ ಬಿಂದುವಿಗೆ ಬದಲಾಗಿ ಕನ್ನಡದ ಸೊನ್ನೆಯನ್ನು ಒತ್ತಿ ‘ಪ೦ಪ’ ಎಂದು ಬರೆದಿರುವುದು ಇವುಗಳಲ್ಲಿ ಬಹಳ ಸಾಮಾನ್ಯ. ಓದುವವನಿಗೆ ಅಲ್ಲಿ ದೋಷವೇ ಕಾಣದು. ‘ಪಂಪ’ನನ್ನು ಹುಡುಕಿದವನಿಗೆ ಮಾತ್ರ ಆ ಪುಸ್ತಕ ದೊರೆಯದು. ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ತುಂಡುತುಂಡಾಗಿಯೂ ಒತ್ತಬಹುದು. ಒತ್ತಕ್ಷರಗಳನ್ನು ಬಿಡಿಸುವುದಕ್ಕೆ ಹಾಕುವ, ತೆರೆಯ ಮೇಲೆ ಕಾಣದ ಸಂಕೇತಗಳೂ ಉಂಟು. ಇವನ್ನೆಲ್ಲ ಒಂದೇ ರೂಪಕ್ಕೆ ತರುವುದನ್ನು ಯಂತ್ರಕ್ಕೇ ಬಿಟ್ಟುಕೊಡಬಹುದು. ಪಂಡಿತನ ಅಗತ್ಯವಿಲ್ಲದ ಕೆಲಸವೆಂದರೆ ಇದೊಂದು.

ಕಾಗುಣಿತದ ಭೇದಗಳು ಮಾತ್ರ ಹಾಗಲ್ಲ. ‘ಧರ್ಮ್ಮ’, ‘ಆಚಾರ್ಯ್ಯ’ ಎಂದು ರೇಫದ ಮುಂದಿನ ವ್ಯಂಜನವನ್ನು ಇಮ್ಮಡಿಸಿ ಬರೆಯುವುದು ತಪ್ಪಲ್ಲ. ಪಾಣಿನಿಯು ಅದನ್ನು ವಿಕಲ್ಪವಾಗಿ ಒಪ್ಪಿರುವನು. ‘ಕರ್ಣಾಟಕ’, ‘ಕರ್ನಾಟಕ’ ಎಂಬ ಎರಡು ರೂಪಗಳಿಗೂ ಪ್ರಯೋಗವುಂಟು. ಹಳಗನ್ನಡದ ೞಕಾರ ಱಕಾರಗಳನ್ನು ಉಳಿಸಿ ಅಚ್ಚುಮಾಡಿರುವ ಸಂಪಾದಕನು ಅದನ್ನು ಬುದ್ಧಿಪೂರ್ವಕವಾಗಿಯೇ ಮಾಡಿರುವನು. ಹೊಸ ರೂಪದಿಂದ ಹುಡುಕಿದವನಿಗೂ ಪುಸ್ತಕವು ದೊರೆಯುವಂತೆ ಮತ್ತೊಂದು ಅಂಕಣದಲ್ಲಿ ಇಂದಿನ ಕಾಗುಣಿತವನ್ನು ಸೇರಿಸಬೇಕಾದುದು ನಿಜ. ಶೀರ್ಷಿಕೆಯ ಅಂಕಣಕ್ಕೇ ಕೈಹಾಕುವುದು ಸಂಪಾದಕನ ಪಾಠವನ್ನು ತಿದ್ದಿದಂತೆ. ೞಕಾರದ ವಿಷಯದಲ್ಲಿ ಒಂದು ವಿನೋದವಿದೆ. ಯೂನಿಕೋಡ್ ಪಟ್ಟಿಯಲ್ಲಿ ಈ ಅಕ್ಷರಕ್ಕೆ ಪ್ರಮಾದದಿಂದ ‘ಫ’ಕಾರವನ್ನು ಸೂಚಿಸುವ ಇಂಗ್ಲಿಷ್ ಹೆಸರು ಬಿದ್ದಿತು. ಒಮ್ಮೆ ಇಟ್ಟ ಹೆಸರನ್ನು ಬದಲಾಯಿಸಕೂಡದೆಂಬುದು ಆ ಸಂಸ್ಥೆಯ ನಿಯಮವಾದುದರಿಂದ ಹೆಸರು ಹಾಗೆಯೇ ಉಳಿದು, ಇದು ೞಕಾರಕ್ಕೆ ತಪ್ಪಾಗಿ ಬಂದ ಹೆಸರೆಂಬ ಟಿಪ್ಪಣಿಯು ಪಕ್ಕದಲ್ಲಿ ಸೇರಿತು. ನಗುವುದಕ್ಕೆ ಕಾರಣವಿದ್ದರೂ, ತಪ್ಪನ್ನು ಅಳಿಸದೆ ಟಿಪ್ಪಣಿಯಿಂದ ಸರಿಪಡಿಸಿದ ಈ ಕ್ರಮವು ಶಾಸ್ತ್ರಸಮ್ಮತವೇ. ಈ ಅಕ್ಷರವು ಪಟ್ಟಿಯಲ್ಲಿ ಳಕಾರದ ಬಳಿಯಲ್ಲಿಲ್ಲದೆ ಹಕಾರವನ್ನೂ ಸ್ವರಚಿಹ್ನೆಗಳನ್ನೂ ದಾಟಿ ಎಲ್ಲಿಯೋ ಕುಳಿತಿರುವುದರಿಂದ, ಸಂಕೇತದ ಕ್ರಮದಲ್ಲಿಯೇ ಅಕಾರಾದಿಯನ್ನು ಜೋಡಿಸುವ ತಂತ್ರಾಂಶದಲ್ಲಿ ‘ಪೞಗನ್ನಡ’ವು ಪಕಾರದ ಪದಗಳ ಕೊನೆಗೆ ತಳ್ಳಲ್ಪಡುವುದು. ಇದನ್ನು ತಂತ್ರಾಂಶದವರಿಗೆ ಮೊದಲೇ ತಿಳಿಸಿ ಸರಿಪಡಿಸಿಕೊಳ್ಳಬೇಕು.

ಪರಿಷ್ಕರಣದಲ್ಲಿ ತಿದ್ದಿದರೂ ಮರಳಿ ಪಡೆಯಲಾಗದ ನಷ್ಟವು ಸಂಭವಿಸುವುದು ‘ಇಮ್ಮಡಿ ಪ್ರತಿ’ಗಳನ್ನು ತೆಗೆಯುವಾಗ. ರೈಸ್ ಸಾಹೇಬರು ೧೮೯೮ರಲ್ಲಿ ಪ್ರಕಟಿಸಿದ ಪಂಪಭಾರತವೂ, ಕನ್ನಡ ಸಾಹಿತ್ಯ ಪರಿಷತ್ತು ೧೯೩೧ರಲ್ಲಿ ಪ್ರಕಟಿಸಿದ ಪಂಪಭಾರತವೂ ಕರ್ತೃವಿನಿಂದಲೂ ಹೆಸರಿನಿಂದಲೂ ಒಂದೇ. ಸಂಪಾದಕನ ಹೆಸರನ್ನೂ ವರ್ಷವನ್ನೂ ಚೀಟಿಯಲ್ಲಿ ಬಿಟ್ಟಿದ್ದರೆ ಯಂತ್ರವು ಇವೆರಡನ್ನೂ ಒಂದೇ ಪುಸ್ತಕದ ಎರಡು ಪ್ರತಿಗಳೆಂದು ತೀರ್ಮಾನಿಸುವುದು. ಕಪಾಟುಗಳಲ್ಲಿ ಸ್ಥಳವಿಲ್ಲವೆಂದು ಹೆಚ್ಚಿನ ಪ್ರತಿಗಳನ್ನು ವಿಲೇವಾರಿ ಮಾಡುವಾಗ ಹರಿದುದನ್ನು ತೆಗೆದು ಗಟ್ಟಿಯಾದುದನ್ನು ಇಟ್ಟುಕೊಳ್ಳುವುದು ಸಹಜ. ಹರಿದುದು ಹಳೆಯದೇ ಆಗಿರುವುದು. ಪಾಠಾಂತರಗಳನ್ನು ವಿಚಾರಿಸುವವನಿಗೆ ಆ ಹಳೆಯ ಮುದ್ರಣವು ಎಷ್ಟು ಅಗತ್ಯವೆಂಬುದನ್ನು ವಿದ್ವಾಂಸರಿಗೆ ಹೇಳಬೇಕಾದುದಿಲ್ಲ. ಆದುದರಿಂದ ಎರಡು ಉಲ್ಲೇಖಗಳನ್ನು ಒಂದುಗೂಡಿಸುವ ಮೊದಲು ಎರಡು ಪುಸ್ತಕಗಳನ್ನೂ ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ತೆರೆದು, ಸಂಪಾದಕ, ಮುದ್ರಣಾಲಯ, ವರ್ಷ, ಪುಟಸಂಖ್ಯೆ ಈ ನಾಲ್ಕನ್ನು ನೋಡಲೇಬೇಕು. ಹೀಗೆ ನೋಡಿದರೆ ದಿನಕ್ಕೆ ಆಗುವ ಕೆಲಸ ಕಡಮೆಯೆಂಬ ಆಕ್ಷೇಪವು ಬರುವುದು. ಬರಲಿ; ಪುಸ್ತಕವನ್ನು ಕಾಣದೆ ಸೂಚಿಯನ್ನು ತಿದ್ದುವುದು ಪ್ರತಿಯನ್ನು ಕಾಣದೆ ಕಾವ್ಯವನ್ನು ತಿದ್ದಿದಂತೆಯೇ ಸರಿ. ಹಳೆಯ ಚೀಟಿಗಳನ್ನೂ ಯಂತ್ರಕ್ಕೆ ಏರಿಸಿದ ಮರುದಿನವೇ ತೂಕಕ್ಕೆ ಹಾಕಬಾರದು. ಚೀಟಿಯ ಅಂಚಿನಲ್ಲಿ ಹಿಂದಿನ ಗ್ರಂಥಪಾಲರು ಸೀಸದಕಡ್ಡಿಯಿಂದ ಬರೆದಿಟ್ಟ ‘ಇದು ಇಂಥವರ ಕೃತಿಯಂತೆ’ ಎಂಬಂತಹ ಮಾತುಗಳಿಗೆ ಯಂತ್ರದಲ್ಲಿ ಅಂಕಣವಿಲ್ಲವೆಂದು ಅವು ಬಿಟ್ಟುಹೋಗಿರುವುದುಂಟು. ಚೀಟಿಯ ಛಾಯಾಪ್ರತಿಯನ್ನು ತೆಗೆದು ಉಲ್ಲೇಖಕ್ಕೆ ಜೋಡಿಸಿದರೆ ಖರ್ಚು ಹೆಚ್ಚಲ್ಲ.

ಕಡೆಯದಾಗಿ, ಶೀರ್ಷಿಕೆಪುಟವೇ ಹರಿದುಹೋಗಿರುವ ಪುಸ್ತಕಗಳು. ಹೆಸರಿಲ್ಲ, ಕರ್ತೃವಿಲ್ಲ, ವರ್ಷವಿಲ್ಲ. ‘ಹಳೆಯ ಕಾವ್ಯ, ಅಪೂರ್ಣ’ ಎಂದಷ್ಟೇ ಬರೆದು ಚೀಟಿಯು ಮುಗಿದಿರುವುದು. ಇಂತಹ ಉಲ್ಲೇಖಗಳನ್ನು ನಿರುಪಯುಕ್ತವೆಂದು ಅಳಿಸಿಬಿಡುವುದು ಶುದ್ಧೀಕರಣದಲ್ಲಿ ಎಲ್ಲಕ್ಕಿಂತ ಸುಲಭವಾದ ಕಾರ್ಯ. ಆದರೆ ಹಸ್ತಪ್ರತಿಗಳ ಸೂಚಿಕಾರರಿಗೆ ಈ ಸ್ಥಿತಿಯು ಹೊಸದಲ್ಲ. ಓಲೆಗೆ ಶೀರ್ಷಿಕೆಪುಟವೇ ಇರುವುದಿಲ್ಲವಷ್ಟೆ. ಅವರು ಗ್ರಂಥದ ಆದಿಯ ಒಂದು ಪದ್ಯವನ್ನೂ ಅಂತ್ಯದ ಒಂದು ಪದ್ಯವನ್ನೂ ಆಶ್ವಾಸದ ಕೊನೆಯ ಗದ್ಯವನ್ನೂ ಬರೆದುಕೊಂಡು, ಗರಿಗಳೆಷ್ಟು, ಗರಿಗೆ ಸಾಲುಗಳೆಷ್ಟು ಎಂಬುದನ್ನು ಎಣಿಸಿಡುವರು. ಹರಿದ ಮುದ್ರಿತ ಪುಸ್ತಕಕ್ಕೂ ಇದೇ ಕ್ರಮವು ಸಲ್ಲುವುದು: ಉಳಿದಿರುವ ಮೊದಲನೆಯ ಪುಟದ ಅಂಕಿ, ಅದರ ಮೊದಲ ಸಾಲು, ಕೊನೆಯ ಪುಟದ ಕೊನೆಯ ಸಾಲು, ಪುಟದ ಅಳತೆ, ಪುಟಕ್ಕೆ ಸಾಲುಗಳು. ಇಷ್ಟನ್ನು ಟಿಪ್ಪಣಿಯ ಅಂಕಣದಲ್ಲಿ ಬರೆದಿಟ್ಟರೆ, ಅದೇ ಮುದ್ರಣದ ಪೂರ್ಣಪ್ರತಿಯಿರುವ ಮತ್ತೊಂದು ಊರಿನ ಗ್ರಂಥಪಾಲರು ಎಂದಾದರೂ ಒಂದು ದಿನ ಆ ಸಾಲನ್ನು ಹೋಲಿಸಿ ನೋಡಿ, ಪುಸ್ತಕದ ಹೆಸರನ್ನು ಬರೆದು ಕಳುಹಿಸಬಹುದು.